ಗೂರಲಿನ ಪೂರ್ವೋತ್ತರ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯೂ ಅದರ ನೆರೆಹೊರೆಯ ಊರುಗಳೂ ತಮ್ಮ ಗುಡಿಗಳ, ಕೆರೆಗಳ, ಮನೆತನಗಳ ಪೂರ್ವಕಥೆಯನ್ನು ಒಂದಲ್ಲ ಒಂದು ಬಗೆಯಲ್ಲಿ ಕಾಪಾಡಿಕೊಂಡು ಬಂದಿವೆ. ಶಾಸನವಿಲ್ಲದೆಡೆಯಲ್ಲಿ ಹಿರಿಯರ ಬಾಯಿಮಾತಾದರೂ ಉಂಟು. ಆದರೆ ಮಾಗಿಯ ಮುಂಜಾವಿನಲ್ಲಿ ಅರಳಿಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತ ಮುದುಕನೊಬ್ಬನು ಎದೆಯ ಆಳದಿಂದ ಕೆಮ್ಮಿ, ಕೆಮ್ಮಿ, ಕಡೆಗೊಮ್ಮೆ ಕಫವನ್ನು ಉಗಿದು, ಹೋದ ಉಸಿರು ತಿರುಗಿ ಬಂದೊಡನೆಯೇ ಕಿವಿಯ ಸಂದಿಗೆ ಸಿಕ್ಕಿಸಿದ್ದ ಮೋಟು ಬೀಡಿಯನ್ನು ತೆಗೆದು ಕಡ್ಡಿ ಗೀರುವ ಆ ನಿತ್ಯದ ನೋಟಕ್ಕೆ ಮಾತ್ರ ಯಾರೂ ಚರಿತ್ರೆ ಬರೆದವರಿಲ್ಲ. ವಯಸ್ಸಾದ ಮೇಲೆ ಗೂರಲು ಬರುವುದು, ಕೂದಲು ನರೆಯುವುದು, ಕಣ್ಣು ಮಂಜಾಗುವುದು ಇವೆಲ್ಲವೂ ಒಂದೇ ಸಾಲಿನ ದೇಹಧರ್ಮಗಳೆಂದು ಜನ ಭಾವಿಸಿದರು, ಭಾವಿಸಿ ಸುಮ್ಮನಾದರು. ಈ ಗೂರಲಿಗೂ ಒಂದು ಪೂರ್ವೋತ್ತರವುಂಟು. ಅದರ ಒಂದು ತುದಿ ಬಿಜಾಪುರದ ಅರಮನೆಯಲ್ಲಿದೆ. ಇನ್ನೊಂದು ತುದಿ ಬರಿಗಣ್ಣಿಗೆ ಕಾಣದ ಜೀವಕೋಶಗಳ ವ್ಯವಹಾರದಲ್ಲಿದೆ.

ಹೊಗೆಸೊಪ್ಪು ಈ ನೆಲದ ಗಿಡವಲ್ಲ. ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗುಗಳೊಡನೆ ಪಶ್ಚಿಮ ಕರಾವಳಿಗೆ ಬಂದಿಳಿದ ಈ ಎಲೆ, ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಕನ್ನಡ ನಾಡಿನ ಉತ್ತರಭಾಗವನ್ನು ಸೇರಿಕೊಂಡಿದ್ದಿತು. ಅಕ್ಬರನ ದೂತನಾಗಿ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಹೋಗಿದ್ದ ಅಸದ್ ಬೇಗನು 1604ರ ಸುಮಾರಿಗೆ ಬಿಜಾಪುರದಲ್ಲಿ ಇದನ್ನು ಕಂಡು, ಹಿಂದೂಸ್ಥಾನದಲ್ಲಿ ತಾನು ಎಲ್ಲಿಯೂ ನೋಡದ ಈ ಸೋಜಿಗವನ್ನು ರತ್ನಖಚಿತವಾದ ಹುಕ್ಕಾದೊಡನೆ ಕೊಂಡೊಯ್ದು ಬಾದಶಹನ ಮುಂದಿಟ್ಟ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರನು ಕುತೂಹಲಕ್ಕೆಂದು ನಾಲ್ಕಾರು ಸಲ ಎಳೆದನಂತೆ. ಆಗ ತಡೆದವರು ಆಸ್ಥಾನದ ಹಕೀಮರು: ತಮ್ಮ ಗ್ರಂಥಗಳಲ್ಲಿ ಉಕ್ತವಾಗದ, ಗುಣದೋಷಗಳ ಪರೀಕ್ಷೆಯಾಗದ ಈ ದ್ರವ್ಯವನ್ನು ಪ್ರಭುವಿಗೆ ಕೊಡುವುದೆಂತು ಎಂಬುದು ಅವರ ಆಕ್ಷೇಪ. ಅದಕ್ಕೆ ಅಸದ್ ಬೇಗನು, ಲೋಕದ ಪದ್ಧತಿಗಳೆಲ್ಲವೂ ಒಂದು ಕಾಲಕ್ಕೆ ಹೊಸವೇ ಆಗಿದ್ದವಲ್ಲವೇ ಎಂದು ವಾದಿಸಿದನು. ವಾದದಲ್ಲಿ ದೂತನೇ ಗೆದ್ದನು. ಬಾದಶಹನು ಮುಂದೆ ಸೇದಲಿಲ್ಲವಾದರೂ ಆಸ್ಥಾನಿಕರು ಹಿಡಿದದ್ದನ್ನು ಬಿಡಲಿಲ್ಲ. ನೀರಿನ ಮೂಲಕ ಹೊಗೆಯನ್ನು ಹಾಯಿಸಿ ಅದರ ದೋಷವನ್ನು ಕಳೆಯುವ ಉಪಾಯವನ್ನು ಹೇಳಿಕೊಟ್ಟವನು ಹಕೀಮ್ ಅಬುಲ್ ಫತಹ್ ಗೀಲಾನಿಯೆಂದು ಒಂದು ಪ್ರತೀತಿಯಿದೆ. ಆ ಮಹಾಶಯನು 1589ರಲ್ಲಿಯೇ ತೀರಿಕೊಂಡಿದ್ದನೆಂಬ ಸಂಗತಿ ಪ್ರತೀತಿಯನ್ನು ಹಬ್ಬಿಸಿದವರ ಗಮನಕ್ಕೆ ಬಂದಂತಿಲ್ಲ. 1617ರಲ್ಲಿ ಜಹಾಂಗೀರನು ತಂಬಾಕನ್ನು ನಿಷೇಧಿಸಿದನು. ಅಪ್ಪಣೆ ಕಾಗದದಲ್ಲಿ ಉಳಿಯಿತು. ಎಲೆ ಊರೂರಿಗೆ ಹಬ್ಬಿತು.

ಎಷ್ಟು ಆಳವಾಗಿ ಹಬ್ಬಿತೆಂಬುದಕ್ಕೆ ಸುಂಕದ ಚರಿತ್ರೆಯೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೆನರಾ, ಮಲಬಾರುಗಳಲ್ಲಿ ಹೊಗೆಸೊಪ್ಪಿನ ಮಾರಾಟವನ್ನು ತನ್ನೊಂದರದೇ ಹಕ್ಕನ್ನಾಗಿ ಮಾಡಿಕೊಂಡಿತು. 1837ರ ಕೊಡಗು–ಕೆನರಾ ದಂಗೆಯ ನಾಯಕರು ರೈತರನ್ನು ತಮ್ಮೆಡೆಗೆ ಸೆಳೆದುಕೊಳ್ಳಲು ನೀಡಿದ ಆಶ್ವಾಸನೆಗಳಲ್ಲಿ ಉಪ್ಪು, ಹೊಗೆಸೊಪ್ಪುಗಳ ಮೇಲಣ ಹೊರೆಯನ್ನು ಇಳಿಸುವುದೂ ಒಂದಾಗಿತ್ತು. ಅದಕ್ಕೆ ಕೆಲವು ಶತಮಾನಗಳ ಹಿಂದೆ ಈ ನಾಡಿನಲ್ಲಿ ಯಾರೂ ಹೆಸರು ಕೇಳದಿದ್ದ ಎಲೆಯೊಂದು ಉಪ್ಪಿಗೆ ಸಮನಾಗಿ ನಿಂತಿತೆಂದರೆ ಅದರ ಪ್ರಭಾವವನ್ನು ಬೇರೆ ಹೇಳಬೇಕಾಗಿಲ್ಲ. ಮೈಸೂರು ಸೀಮೆಯಲ್ಲಿ ಅದು ಮೊದಲು ಎಲೆಯಡಿಕೆಯ ಸಂಚಿಯನ್ನು ಸೇರಿ ಹೆಂಗಸರ ಬಾಯಿಗೆ ಬಂದಿತು. ಚುಟ್ಟ, ಗುಡಿಗುಡಿ, ಚಿಲುಮೆಗಳಾಗಿ ಗಂಡಸರ ಕೈಗೆ ಬಂದಿತು. ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರಿನಲ್ಲಿ ರಾಗಿ, ಭತ್ತ, ಕಬ್ಬುಗಳೊಡನೆ ಹೊಗೆಸೊಪ್ಪಿನ ಹೆಸರೂ ಬೆಳೆಗಳ ಪಟ್ಟಿಯಲ್ಲಿ ಸೇರಿಹೋಗಿದೆ.

ಹೊಗೆಯನ್ನು ಎಳೆದುಕೊಳ್ಳುವುದೇ ನಮಗೆ ತಂಬಾಕು ಕಲಿಸಿದ ವಿದ್ಯೆಯೆಂದು ಮಾತ್ರ ತಿಳಿಯಬಾರದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಗಂಧದ್ರವ್ಯಗಳನ್ನು ಅರೆದು ಬತ್ತಿ ಮಾಡಿ, ತುಪ್ಪ ಸವರಿ, ನಳಿಕೆಯ ಮೂಲಕ ಸೇವಿಸತಕ್ಕ ಧೂಮಪಾನದ ವಿಧಿ ವಿಸ್ತಾರವಾಗಿ ಉಂಟು. ಅದೇ ಸಂಹಿತೆ ಶ್ವಾಸರೋಗದ ನಿದಾನವನ್ನು ಹೇಳುವಾಗ ಧೂಳು, ಹೊಗೆ, ಗಾಳಿಗಳನ್ನು ಕಾರಣಗಳ ಮೊದಲ ಸಾಲಿನಲ್ಲಿಯೇ ನಿಲ್ಲಿಸಿರುವುದು ಗಮನಾರ್ಹವಾದುದು. ಔಷಧವಾದ ಹೊಗೆ ಬೇರೆ, ರೋಗಹೇತುವಾದ ಹೊಗೆ ಬೇರೆ ಎಂಬ ವಿವೇಕ ಆ ಶಾಸ್ತ್ರಕಾರರಿಗೆ ಇದ್ದಿತು. ಉಬ್ಬಸಕ್ಕೆ ಉಮ್ಮತ್ತಿಯ ಹೊಗೆಯನ್ನು ಕೊಡುವ ದಕ್ಷಿಣದೇಶದ ಪದ್ಧತಿಯನ್ನು ಮದರಾಸಿನಲ್ಲಿ ಕಂಡ ಜನರಲ್ ಜೆಂಟನು 1802ರಲ್ಲಿ ಅದನ್ನು ಬ್ರಿಟನ್ನಿಗೆ ಕೊಂಡೊಯ್ದನು. ಅಲ್ಲಿ ಅದು ಬೆಳೆದು, ಮುಂದಿನ ನೂರು ವರ್ಷಗಳಲ್ಲಿ ಔಷಧದಂಗಡಿಗಳಲ್ಲಿ ‘ಆಸ್ತಮಾ ಸಿಗರೇಟು’ಗಳೇ ಮಾರಾಟಕ್ಕೆ ಬಂದವು. ತಂಬಾಕು ಈ ಹಳೆಯ ಗೌರವದ ನೆರಳಿನಲ್ಲಿಯೇ ಒಳಗೆ ನುಗ್ಗಿತೆಂದು ನನ್ನ ಅಭಿಪ್ರಾಯ. ಬೀಡಿ ಸೇದಿದರೆ ಕಫ ಕರಗುತ್ತದೆ, ಎದೆ ಸಡಿಲವಾಗುತ್ತದೆ ಎಂದು ಈಗಲೂ ಹೇಳುವ ಹಿರಿಯರ ನಂಬಿಕೆ ಅಷ್ಟು ದೂರದಿಂದ ಬಂದದ್ದು.

ಬೀಡಿ ಇವೆಲ್ಲಕ್ಕಿಂತ ಕಿರಿಯದು. ಮಧ್ಯಭಾರತದ ಕಾಡಿನ ತೂಬರೆ ಎಲೆಯನ್ನು ನೆಚ್ಚಿ ಜಬ್ಬಲಪುರದ ಸುತ್ತ ಹುಟ್ಟಿದ ಈ ಉದ್ಯಮ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣಕ್ಕೆ ಹರಿದು, ಮಂಗಳೂರು, ಮೈಸೂರುಗಳಲ್ಲಿ ನೆಲೆಯೂರಿತು. ನೆನೆಸಿ ಮೆತ್ತಗೆ ಮಾಡಿದ ಎಲೆಯನ್ನು ತಗಡಿನ ಅಳತೆಯಿಟ್ಟು ಕತ್ತರಿಸಿ, ಮಡಿಲ ಮೇಲಣ ಮೊರದಿಂದ ಚಿಟಿಕೆಯಷ್ಟು ಪುಡಿಯನ್ನು ತೆಗೆದು ಎಲೆಯ ಉದ್ದಕ್ಕೂ ಉದುರಿಸಿ, ಬೆರಳ ತುದಿಗಳಲ್ಲಿ ಉರುಳಿಸಿ ಸುತ್ತಿ, ಅಗಲವಾದ ಬಾಯನ್ನು ಒಳಕ್ಕೆ ಮಡಿಚಿ, ಸಣ್ಣ ತುದಿಗೆ ನೂಲು ಬಿಗಿಯುವಷ್ಟರಲ್ಲಿ ಒಂದು ಬೀಡಿ ಮುಗಿಯುತ್ತದೆ. ನುರಿತ ಹೆಂಗಸಿನ ಕೈಯಲ್ಲಿ ಈ ಕ್ರಿಯಾಪರಂಪರೆ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಒಳಗಿರುವ ತಂಬಾಕು ಸಿಗರೇಟಿನದಕ್ಕಿಂತ ಬಹಳ ಕಡಮೆ, ಕಾಲು ಗ್ರಾಮನ್ನು ಮೀರುವುದು ಅಪೂರ್ವ. ಹೀಗಿದ್ದೂ ಎದೆಗೆ ಇಳಿಯುವ ವಿಷ ಕಡಮೆಯಲ್ಲ. ತೂಬರೆ ಎಲೆಯಲ್ಲಿ ಗಾಳಿ ಆಡುವುದಿಲ್ಲ. ಎಳೆಯದೆ ಬಿಟ್ಟರೆ ಬೀಡಿ ನಂದಿಹೋಗುತ್ತದೆ. ಆದಕಾರಣ ಸೇದುವವನು ಪದೇ ಪದೇ, ಬಲವಾಗಿ, ಆಳಕ್ಕೆ ಎಳೆಯಬೇಕಾಗುತ್ತದೆ; ಟಾರು, ನಿಕೋಟಿನ್, ಇಂಗಾಲದ ಮಾನಾಕ್ಸೈಡುಗಳು ಸಿಗರೇಟಿಗೆ ಸಮನಾಗಿಯೋ ಅದಕ್ಕೂ ಮಿಗಿಲಾಗಿಯೋ ಒಳಹೋಗುತ್ತವೆ.

ಬೀಡಿ ಹಳ್ಳಿಗಳನ್ನು ಹೊಕ್ಕ ಆ ಕಾಲವೇ ಮಂಡ್ಯದ ಭಾಗ್ಯ ಮಗ್ಗುಲು ಬದಲಿಸಿದ ಕಾಲವೂ ಆಗಿತ್ತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. ಇಪ್ಪತ್ತು ವರ್ಷಗಳ ತರುವಾಯ ಇರ್ವಿನ್ ನಾಲೆಯಲ್ಲಿ, ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ, ಹುರುಳಿಗಳನ್ನು ನೆಚ್ಚಿಕೊಂಡಿದ್ದ ಸೀಮೆಯಲ್ಲಿ ಕಬ್ಬಿನ ಹಣ ಓಡಾಡತೊಡಗಿದ ಮೇಲೆ ಸಂತೆಯ ಸ್ವರೂಪವೇ ಬೇರೆಯಾಯಿತು. ಬೀಡಿಯ ಕಟ್ಟು, ಕಾಫಿಪುಡಿ, ಸೋಪುಗಳು ಒಟ್ಟೊಟ್ಟಿಗೆ ಮನೆಗೆ ಬಂದವು. ಕೂಲಿಯಾಳಿಗೆ ಬೀಡಿ ಕೊಡುವುದು ಮರ್ಯಾದೆಯಾಯಿತು. ರಾತ್ರಿಯೆಲ್ಲ ನಡೆಯುವ ಆಲೆಮನೆಯಲ್ಲಿ, ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ತಳ್ಳುತ್ತ ಒಲೆಯ ಬಾಯಲ್ಲಿ ಕುಳಿತವನಿಗೆ ನಿದ್ರೆಯನ್ನು ದೂರವಿಡಲು ಬೀಡಿಯಲ್ಲದೆ ಬೇರೆ ಗತಿಯೇನಿತ್ತು? ಅವನ ಎದೆಗೆ ಎರಡು ಹೊಗೆ: ಒಂದು ಒಲೆಯದು, ಒಂದು ಬಾಯಿಯದು. ನೀರಾವರಿಯ ಇತಿಹಾಸವನ್ನು ಬರೆದವರು ಎಕರೆಗಳನ್ನೂ ಟನ್ನುಗಳನ್ನೂ ಲೆಕ್ಕವಿಟ್ಟರು. ಈ ಲೆಕ್ಕ ಅವರ ಖಾತೆಗೆ ಸೇರಲಿಲ್ಲ.

ವೈದ್ಯಶಾಸ್ತ್ರವೂ ಆಗ ಬೇರೆ ಶತ್ರುಗಳೊಡನೆ ಹೋರಾಡುತ್ತಿತ್ತು. ನಾಲೆಯ ನೀರಿನೊಡನೆ ಮಲೇರಿಯಾ ಬಂದಿತು. 1929ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಮೊದಲಾದ ಆರೋಗ್ಯಘಟಕದ ಗಮನವೆಲ್ಲ ಸೊಳ್ಳೆ, ಕೊಕ್ಕೆಹುಳು, ಬಾಣಂತಿಯರ ಮರಣ ಇವುಗಳ ಮೇಲಿತ್ತು. ಕೆಮ್ಮು ಎಂದರೆ ಕ್ಷಯವೆಂಬ ಭೀತಿ. ಅದಕ್ಕೆ ಮೈಸೂರಿನಲ್ಲಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇತ್ತು. ಕಫದಲ್ಲಿ ಕ್ಷಯಾಣು ಇಲ್ಲವೆಂದು ಗೊತ್ತಾದ ರೋಗಿ ಬದುಕಿದೆನೆಂದು ಮನೆಗೆ ಬಂದು ಬೀಡಿ ಹಚ್ಚುವನು. ಹಳ್ಳಿಯ ಡಿಸ್ಪೆನ್ಸರಿಯಲ್ಲಿ ಅವನಿಗೆ ಸಿಗುತ್ತಿದ್ದುದು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಳತೆಗೆಂದು ಅಂಟಿಸಿದ ಸೀಸೆಯ ತುಂಬ ಕೆಮ್ಮಿನ ಮಿಕ್ಸ್ಚರು, ಎಫೆಡ್ರಿನ್ ಮಾತ್ರೆ, ದಮ್ಮು ಹೆಚ್ಚಾದಾಗ ಅಮಿನೋಫಿಲಿನ್ ಸೂಜಿಮದ್ದು. ಬೆಸಗರಹಳ್ಳಿ ತನ್ನ ಹೆಸರನ್ನು ಕನ್ನಡ ಸಾಹಿತ್ಯಕ್ಕೆ ಕೊಟ್ಟದ್ದು ಒಬ್ಬ ವೈದ್ಯರ ಮೂಲಕ ಎಂಬುದನ್ನು ಇಲ್ಲಿ ನೆನೆಯಬೇಕು. ಡಾ. ಬೆಸಗರಹಳ್ಳಿ ರಾಮಣ್ಣನವರು (1938–1998) ಮಂಡ್ಯದ ಹಳ್ಳಿಗಾಡಿನ ಜನರ ನಾಡಿಯನ್ನು ಎರಡು ಅರ್ಥಗಳಲ್ಲಿಯೂ ಹಿಡಿದವರು. ಕತೆಗಾರರಿಗೆ ಮಾದರಿಯಾದ ಆ ಒರಟು ಜೀವಗಳೇ ವೈದ್ಯರ ಮುಂದಿನ ಬೆಂಚಿನ ಮೇಲೆ ತೇಕುತ್ತ ಕುಳಿತಿದ್ದವು.

ಆ ತೇಕುವಿಕೆಯ ಒಳಮರ್ಮ ಲೋಕಕ್ಕೆ ತಿಳಿದುಬಂದದ್ದು ಬಹಳ ನಿಧಾನವಾಗಿ. ಸ್ಟೆತೊಸ್ಕೋಪನ್ನು ನಿರ್ಮಿಸಿದ ಲೆನೆಕ್ ಎಂಬ ಫ್ರೆಂಚ್ ವೈದ್ಯನು ಎರಡು ಶತಮಾನಗಳ ಕೆಳಗೆಯೇ ಗಾಳಿ ತುಂಬಿ ಉಬ್ಬಿ ಕುಗ್ಗಲಾರದ ಶ್ವಾಸಕೋಶಗಳನ್ನು ಶವಪರೀಕ್ಷೆಯಲ್ಲಿ ಕಂಡು ವರ್ಣಿಸಿದ್ದನು. ಆರೋಗ್ಯವಂತನ ಎದೆಯಲ್ಲಿ ಸುಮಾರು 48 ಕೋಟಿ ಗಾಳಿಗೂಡುಗಳುಂಟು. ಅವುಗಳ ನಡುವಣ ಗೋಡೆಗಳು ಒಡೆದು, ನೂರು ಸಣ್ಣ ಗೂಡುಗಳಿದ್ದೆಡೆಯಲ್ಲಿ ಹತ್ತು ದೊಡ್ಡ ಪೊಟರೆಗಳಾದರೆ, ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಆದರೆ ಗೋಡೆಗಳನ್ನು ಒಡೆದವರು ಯಾರು? ಹೊಗೆಯೇ ಸುಟ್ಟಿತೆಂದು ಬಹುಕಾಲ ಎಲ್ಲರೂ ತಿಳಿದಿದ್ದರು. ಉತ್ತರ ಬೇರೆಯ ದಿಕ್ಕಿನಿಂದ ಬಂದಿತು.

1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ಪ್ರಾಣಿಶಾಸ್ತ್ರಜ್ಞನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಗುಲಾಬಿಯ ಮುಳ್ಳೊಂದನ್ನು ಚುಚ್ಚಿ, ಮರುದಿನ ನೋಡಲಾಗಿ, ಅಲೆದಾಡುವ ಜೀವಕೋಶಗಳು ಆ ಮುಳ್ಳನ್ನು ಮುತ್ತಿಕೊಂಡಿರುವುದನ್ನು ಕಂಡನು. ಪರಕೀಯವಾದುದನ್ನು ನುಂಗಿ ದೇಹವನ್ನು ಕಾಯುವ ಈ ಭಕ್ಷಕಕೋಶಗಳ ಶೋಧಕ್ಕೆ 1908ರಲ್ಲಿ ನೊಬೆಲ್ ಗೌರವ ಸಂದಿತು. ಗಾಳಿಗೂಡುಗಳಲ್ಲಿ ಇವೇ ಸಂಚರಿಸುತ್ತ ಧೂಳು, ರೋಗಾಣುಗಳನ್ನು ನುಂಗುತ್ತವೆ. 1974ರಲ್ಲಿ ಅಮೆರಿಕಾದ ನೀವೆನರ್ ಮತ್ತು ಸಂಗಡಿಗರು, ಬೇರೆ ಕಾರಣಗಳಿಂದ ಹಠಾತ್ತನೆ ಮೃತರಾದ ತರುಣರ ಶ್ವಾಸಕೋಶಗಳನ್ನು ಪರೀಕ್ಷಿಸಿದರು. ಸರಾಸರಿ ವಯಸ್ಸು 25. ಬದುಕಿದ್ದಾಗ ಒಮ್ಮೆಯೂ ದಮ್ಮು ಎಂದವರಲ್ಲ. ಆದರೆ ಸಿಗರೇಟು ಸೇದುತ್ತಿದ್ದವರ ಅತಿ ಸಣ್ಣ ಶ್ವಾಸನಾಳಗಳಲ್ಲಿ, ಕಂದುಬಣ್ಣದ ಕಣಗಳನ್ನು ಹೊಟ್ಟೆಯ ತುಂಬ ಹೊತ್ತ ಭಕ್ಷಕಕೋಶಗಳು ಗುಂಪುಗುಂಪಾಗಿ ನೆರೆದಿದ್ದವು. ಶ್ವಾಸಕೋಶವನ್ನು ಉಪ್ಪುನೀರಿನಿಂದ ತೊಳೆದು ಕೋಶಗಳನ್ನು ಎಣಿಸುವ ವಿಧಾನ ಅದೇ ದಶಕದಲ್ಲಿ ಬಳಕೆಗೆ ಬಂದ ಮೇಲೆ, ಸೇದುವವರಲ್ಲಿ ಇವುಗಳ ಸಂಖ್ಯೆ ನಾಲ್ಕೈದು ಪಟ್ಟು ಏರಿರುವುದು ದೃಢವಾಯಿತು. ಮುಪ್ಪಿನ ಗೂರಲು ಮುಪ್ಪಿನಲ್ಲಿ ಹುಟ್ಟುವುದಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿಯೇ ಅದರ ಸಿದ್ಧತೆ ಸದ್ದಿಲ್ಲದೆ ನಡೆದಿರುತ್ತದೆ.

ಇಷ್ಟು ಮಂದಿ ರಕ್ಷಕರು ಸೇರಿದರೆ ಕೇಡೇನು? 1963ರಲ್ಲಿ ಸ್ವೀಡನ್ನಿನ ಲಾರೆಲ್, ಎರಿಕ್ಸನ್ ಎಂಬಿಬ್ಬರು ಸುಮಾರು 1500 ರಕ್ತದ್ರವಗಳ ಪರೀಕ್ಷೆಯಲ್ಲಿ ಐದರಲ್ಲಿ ಒಂದು ಪ್ರೋಟೀನಿನ ಪಟ್ಟೆಯೇ ಇಲ್ಲದಿರುವುದನ್ನು ಗಮನಿಸಿದರು. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ಗೋಡೆಗಳು ಒಡೆದಿದ್ದವು. ಇಲ್ಲದಿದ್ದ ವಸ್ತು ಆಲ್ಫಾ-1 ಆಂಟಿಟ್ರಿಪ್ಸಿನ್. ಬಿಳಿರಕ್ತಕಣಗಳು ಸ್ರವಿಸುವ ಪ್ರೋಟೀನ್‌ಭಂಜಕ ಕಿಣ್ವಗಳಿಗೆ ಕಡಿವಾಣ ಹಾಕುವುದು ಅದರ ಕೆಲಸ. ಹೆಚ್ಚುಕಡಮೆ ಅದೇ ಕಾಲದಲ್ಲಿ ಗ್ರಾಸ್ ಎಂಬಾತನು ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇಯಿನ್ ಕಿಣ್ವವನ್ನು ಇಲಿಗಳ ಶ್ವಾಸಕೋಶಕ್ಕೆ ಸೇರಿಸಿ, ಮನುಷ್ಯರಲ್ಲಿ ಕಾಣುವಂಥದೇ ಪೊಟರೆಗಳನ್ನು ಉಂಟುಮಾಡಿದನು. ಎರಡನ್ನೂ ಜೋಡಿಸಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಹೊಗೆಯಿಂದ ಉದ್ರಿಕ್ತವಾದ ಭಕ್ಷಕಕೋಶಗಳು ರಾಸಾಯನಿಕ ಕರೆಯನ್ನು ಕಳುಹಿಸಿ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳನ್ನು ಬರಮಾಡಿಕೊಳ್ಳುತ್ತವೆ. ಬಂದವು ಎಲಾಸ್ಟೇಸ್ ಎಂಬ ಕಿಣ್ವವನ್ನು ಕಕ್ಕಿ, ಶ್ವಾಸಕೋಶಕ್ಕೆ ಹಿಗ್ಗಿ ಕುಗ್ಗುವ ಶಕ್ತಿಯನ್ನು ಕೊಡುವ ಎಲಾಸ್ಟಿನ್ ತಂತುಗಳನ್ನು ಕರಗಿಸುತ್ತವೆ. ಕಡಿವಾಣವಾಗಬೇಕಾದ ಆಂಟಿಟ್ರಿಪ್ಸಿನ್ನನ್ನು ಹೊಗೆಯೇ ಆಕ್ಸಿಡೀಕರಿಸಿ ನಿಸ್ಸತ್ತ್ವಗೊಳಿಸುತ್ತದೆ. ಕಳ್ಳ ಬಂದನೆಂಬ ಕೂಗಿಗೆ ದಿನದಿನವೂ ಓಡಿಬರುವ ತಳವಾರನು ಕಳ್ಳನನ್ನು ಕಾಣದೆ ಮನೆಯ ಗೋಡೆಯನ್ನೇ ಗುದ್ದಿ ಕೆಡವುವಂತೆ ಈ ವ್ಯವಹಾರ.

ಅಲ್ಲಿಗೂ ಅದು ನಿಲ್ಲಲಿಲ್ಲ. ಭಕ್ಷಕಕೋಶಗಳಿಗೂ ತಮ್ಮದೇ ಆದ ಎಲಾಸ್ಟಿನ್‌ಭಂಜಕವಿದೆ. ಅದನ್ನು ಹುಟ್ಟಿನಿಂದಲೇ ಕಳೆದುಕೊಂಡ ಇಲಿಗಳಿಗೆ ದೀರ್ಘಕಾಲ ಹೊಗೆ ಹಾಕಿದರೂ ಗೂಡುಗಳು ಒಡೆಯಲಿಲ್ಲವೆಂದು 1997ರಲ್ಲಿ ತಿಳಿದುಬಂದಿತು. ಒಡೆದುಹೋದ ಎಲಾಸ್ಟಿನ್ನಿನ ಚೂರುಗಳೇ ಮತ್ತಷ್ಟು ಕೋಶಗಳನ್ನು ಕರೆಯುತ್ತವೆಂಬುದು ಇನ್ನೂ ಈಚಿನ ತಿಳಿವಳಿಕೆ. ರೋಗ ಮುಂದುವರಿದವರ ಶ್ವಾಸನಾಳಗಳ ಗೋಡೆಯಲ್ಲಿ ಸಿಡಿ8 ಎಂಬ ಲಿಂಫೋಸೈಟುಗಳು, ಸೋಂಕಿದ ಕೋಶಗಳನ್ನು ಕೊಲ್ಲುವುದಕ್ಕೆಂದೇ ಇರುವಂಥವು, ಹೆಚ್ಚಾಗಿ ನೆಲೆಸಿರುವುದನ್ನು 1990ರ ದಶಕದ ಸಂಶೋಧಕರು ತೋರಿಸಿದರು. 2004ರಲ್ಲಿ ಕೆನಡಾದ ಜೇಮ್ಸ್ ಹಾಗ್ ಮತ್ತು ಸಂಗಡಿಗರು, ರೋಗ ತೀವ್ರವಾದಷ್ಟೂ ಸಣ್ಣ ನಾಳಗಳ ಪಕ್ಕದಲ್ಲಿ ಲಿಂಫೋಸೈಟುಗಳು ಗಂಟುಗಂಟಾಗಿ ಕೂಡಿಕೊಳ್ಳುವುದನ್ನು ವರದಿ ಮಾಡಿದರು. ಇದೆಲ್ಲದರ ನಡುವೆ ವಿಪರೀತವಾದ ಇನ್ನೊಂದು ಸಂಗತಿ: ಇಷ್ಟೊಂದು ಸಂಖ್ಯೆಯಲ್ಲಿ ನೆರೆದ ಭಕ್ಷಕಕೋಶಗಳು ನಿಜವಾದ ರೋಗಾಣು ಬಂದಾಗ ಅದನ್ನು ನುಂಗುವುದರಲ್ಲಿ ಸೋಲುತ್ತವೆ. ಮಳೆಗಾಲದ ಶೀತ, ಮಾಗಿಯ ಮಂಜು ಗೂರಲಿನವನನ್ನು ಹಾಸಿಗೆ ಹಿಡಿಸುವುದು ಇದರಿಂದ. ಆಸ್ತಮಾಕ್ಕೆ ಒಗ್ಗುವ ಸ್ಟೀರಾಯ್ಡ್ ಮದ್ದು ಇಲ್ಲಿ ಅಷ್ಟಾಗಿ ನಾಟದಿರುವುದಕ್ಕೂ ಕಾರಣ ಸಿಕ್ಕಿದೆ: ಉರಿಯೂತದ ವಂಶವಾಹಿಗಳನ್ನು ಮುಚ್ಚಲು ಸ್ಟೀರಾಯ್ಡು ನೆಚ್ಚುವ ಎಚ್‌ಡಿಎಸಿ-2 ಎಂಬ ಕಿಣ್ವ ಈ ರೋಗಿಗಳ ಶ್ವಾಸಕೋಶದಲ್ಲಿ ಕ್ಷೀಣವಾಗಿರುತ್ತದೆ.

ಬೀಡಿ ಬಿಟ್ಟರೆ ಶ್ವಾಸಕೋಶದಲ್ಲಿ ಹೀಗೆ ನೆರೆದ ಕೋಶಗಳು ಹಿಂತಿರುಗುವುವೇ? ಪೂರ್ತಿಯಾಗಿ ಇಲ್ಲ, ರೋಗ ಬೇರೂರಿದವರಲ್ಲಿ ವರ್ಷಗಳಾದರೂ ಉರಿಯೂತ ಉಳಿದಿರುತ್ತದೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು 1000 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದಂತೆ, ಸೇದುವುದನ್ನು ಬಿಟ್ಟವರಲ್ಲಿ ಜನ್ಮಜಾತ ಪ್ರತಿರಕ್ಷೆಯ ಏರುಪೇರು ಬೇಗನೆ ಶಮನವಾಗುತ್ತದೆ. ಲಿಂಫೋಸೈಟುಗಳ ಮೇಲೆ ಬಿದ್ದ ಗುರುತು ಬಹು ವರ್ಷಗಳ ತನಕ ಅಳಿಯುವುದಿಲ್ಲ. ಹಾಗೆಂದು ಬಿಟ್ಟು ಫಲವೇನೆಂದು ಕೇಳುವವರಿಗೆ 1977ರಲ್ಲಿ ಫ್ಲೆಚರ್, ಪೀಟೊ ಎಂಬವರು ಲಂಡನ್ನಿನ 792 ಮಂದಿ ಗಂಡಸರನ್ನು ಎಂಟು ವರ್ಷ ಅನುಸರಿಸಿ ಕೊಟ್ಟ ಉತ್ತರವಿದೆ: ಕಳೆದ ಉಸಿರು ಮರಳಿ ಬರುವುದಿಲ್ಲ, ಆದರೆ ಇಳಿಯುವ ವೇಗ ಎಂದೂ ಸೇದದವನ ವೇಗಕ್ಕೆ ಬಂದು ನಿಲ್ಲುತ್ತದೆ. ಬೇಗ ಬಿಟ್ಟವನಿಗೆ ಇದು ದೊಡ್ಡ ಲಾಭ.

ಇಷ್ಟನ್ನು ಹೇಳಿ ಎಲ್ಲ ಹೊಣೆಯನ್ನೂ ಬೀಡಿಯ ಮೇಲೆಯೇ ಹೊರಿಸಿದರೆ ಅಡಿಗೆಮನೆಗೆ ಅನ್ಯಾಯವಾದೀತು. ಬೀಡಿಯನ್ನು ಮುಟ್ಟದ ಹೆಂಗಸರಿಗೂ ಈ ಸೀಮೆಯಲ್ಲಿ ಗೂರಲು ಬಂದಿದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಬೆಳಕು ಕಂಡಿತು. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಅಡಿಗೆ ಮಾಡಿದ ವರ್ಷಗಳಿಂದ ಗುಣಿಸಿದರೆ ಬರುವ ಅಂಕಿಯನ್ನು ಅವರು ಅಳತೆಯಾಗಿ ಹಿಡಿದರು. ಅದು 60ನ್ನು ಮುಟ್ಟಿದ ಮೇಲೆ ದೀರ್ಘಕಾಲಿಕ ಕೆಮ್ಮುಕಫಗಳ ಅಪಾಯ ಎದ್ದು ತೋರಿತು. ಹದಿನೆಂಟಕ್ಕೆ ಮದುವೆಯಾಗಿ ಬಂದು ದಿನಕ್ಕೆ ಮೂರು ಗಂಟೆ ಸೌದೆಯೊಲೆ ಊದಿದವಳು ಮೂವತ್ತೆಂಟಕ್ಕೆ ಆ ಗಡಿಯನ್ನು ಮುಟ್ಟುತ್ತಾಳೆ. ಹೊಗೆ ಯಾವುದಾದರೂ ಭಕ್ಷಕಕೋಶಗಳಿಗೆ ಕರೆ ಹೋಗುತ್ತದೆ.

2009–10ರಿಂದ 2016–17ರ ನಡುವೆ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ ನೂರಕ್ಕೆ 28.2ರಿಂದ 22.8ಕ್ಕೆ ಇಳಿಯಿತೆಂದು ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ, ಆ 22.8ರಲ್ಲಿ ಹೊಗೆ ಸೇದುವವರು 8.8, ಹೊಗೆಯಿಲ್ಲದ ತಂಬಾಕನ್ನು ಬಳಸುವವರು 16.3, ಎರಡನ್ನೂ ಬಳಸುವವರು ಎರಡು ಲೆಕ್ಕದಲ್ಲಿಯೂ ಸೇರಿದ್ದಾರೆ. ಸಾರ್ವಜನಿಕ ಸ್ಥಳಗಳಲ್ಲಿ ಸೇದಬಾರದೆಂಬ ನಿಯಮ 2008ರ ಗಾಂಧಿಜಯಂತಿಯಿಂದ ಜಾರಿಯಲ್ಲಿದೆ. ಸಂತೆಮಾಳವೂ ಬಸ್ಸು ನಿಲ್ಲುವ ಕಟ್ಟೆಯೂ ಅದರ ವ್ಯಾಪ್ತಿಗೆ ಸೇರಿದವೆಂದು ಮದ್ದೂರಿನ ಕಡೆ ನಂಬುವವರು ಕಡಮೆ. ಅತ್ತ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ವರ್ಜೀನಿಯಾ ತಂಬಾಕಿನ ಹದಗೊಳಿಸುವ ಮನೆಗಳು ಹಂಗಾಮು ಬಂದಾಗಲೆಲ್ಲ ಸೌದೆ ಹೊತ್ತಿಸುತ್ತಲೇ ಇವೆ. ಇತ್ತ ಜಿಲ್ಲಾಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಗೂರಲಿನವರು ಚೀಟಿ ಹಿಡಿದು ನಿಂತಿರುತ್ತಾರೆ, ಚೀಟಿಯ ಮೇಲೆ ಅದೇ ಗೂರಲಿಗೆ ಈಗ ಸಿಒಪಿಡಿ, ಎಂದರೆ ಶ್ವಾಸಕೋಶದ ದೀರ್ಘಕಾಲಿಕ ಅಡಚಣೆಯ ರೋಗ, ಎಂದು ಬರೆದಿರುತ್ತದೆ.